ಹಸುವಿನಲ್ಲಿ ಪಾಲು ತಗೊಳ್ಳಿ, ಹಾಲನ್ನು ಮಾತ್ರ ಕಾಯಿಸಿ

ಪ್ರಶ್ನೆ: ನಾವು ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ, ಲಾಂಗ್‌ಮಾಂಟ್ ಊರಿನಲ್ಲಿದ್ದೇವೆ. ಇಲ್ಲಿನ ಅಂಗಡಿ ಹಾಲು ಎಷ್ಟು ಕಾಯಿಸಿದರೂ ಸರಿಯಾಗಿ ಕೆನೆ ಕಟ್ಟುವುದಿಲ್ಲ. ಪರಿಚಯದ ಒಂದು ಕನ್ನಡ ಕುಟುಂಬ ಹತ್ತಿರದ ಸಣ್ಣ ಡೈರಿಯಲ್ಲಿ ‘ಹರ್ಡ್ ಶೇರ್’ ತಗೊಂಡಿದ್ದಾರೆ. ವಾರಕ್ಕೆ ಒಂದು ಗ್ಯಾಲನ್ (ಸುಮಾರು 3.8 ಲೀಟರ್) ಹಸಿ ಹಾಲು ಸಿಗುತ್ತದೆ. ಅದನ್ನು ಕಾಯಿಸಬಾರದು, ಹಾಗೇ ಕುಡಿಯಬೇಕು, ಕಾಯಿಸಿದರೆ ಸತ್ವ ಹೋಗುತ್ತದೆ ಅಂತ ಡೈರಿಯವರು ಹೇಳಿದ್ದಾರಂತೆ. ನನಗೆ ಈಗ ಐದು ತಿಂಗಳು. ಮೂರು ವರ್ಷದ ಮಗನಿದ್ದಾನೆ. ಬಾಣಂತನಕ್ಕೆ ತುಮಕೂರಿನಿಂದ ಅಮ್ಮ ಬರುತ್ತಾರೆ, ಅವರಿಗೆ ಗಟ್ಟಿ ಹಾಲು, ಮನೆ ಬೆಣ್ಣೆ ಇಲ್ಲದಿದ್ದರೆ ಆಗುವುದಿಲ್ಲ. ನಾವೂ ಸೇರಬಹುದಾ? ಇದು ಕಾನೂನಿಗೆ ಸರಿಯಾ?

ಉತ್ತರ: ಸೇರಬಹುದು. ಕಾನೂನಿಗೂ ಸರಿ. ಆದರೆ ಆ ಹಾಲನ್ನು ಉಕ್ಕಿ ಬರುವವರೆಗೆ ಕಾಯಿಸದೆ ನಿಮ್ಮ ಮನೆಯಲ್ಲಿ ಯಾರೂ ಕುಡಿಯಬೇಡಿ. ನೀವು ಬಸುರಿ, ಮಗ ಚಿಕ್ಕವನು, ಅಮ್ಮನಿಗೆ ವಯಸ್ಸಾಗಿದೆ. ಹಸಿ ಹಾಲಿನಿಂದ ಯಾರಿಗೆ ಹೆಚ್ಚು ಅಪಾಯ ಅಂತ ಡಾಕ್ಟರುಗಳು ಪಟ್ಟಿ ಮಾಡುತ್ತಾರೋ ಅವರೆಲ್ಲ ನಿಮ್ಮ ಒಂದೇ ಮನೆಯಲ್ಲಿದ್ದೀರಿ.

ಮೊದಲು ಈ ಹರ್ಡ್ ಶೇರ್ ಅಂದರೆ ಏನು ಅಂತ ನೋಡೋಣ. ನಮ್ಮೂರುಗಳಲ್ಲಿ ಹಸುವನ್ನು ‘ಪಾಲಿಗೆ ಕೊಡುವುದು’ ಅಂತ ಇದೆಯಲ್ಲ, ಹೆಚ್ಚುಕಡಿಮೆ ಅದೇ. ಹಸು ಒಬ್ಬರದು, ಮೇಯಿಸಿ ಕರೆಯುವವರು ಇನ್ನೊಬ್ಬರು. ಇಲ್ಲಿ ಒಂದು ಹಸುವಿಗೋ ಇಡೀ ಮಂದೆಗೋ ಇಪ್ಪತ್ತು, ಐವತ್ತು, ನೂರು ಜನ ಒಡೆಯರು. ನೀವು ಒಂದು ಸಲ ದುಡ್ಡು ಕೊಟ್ಟು ಪಾಲು ಕೊಳ್ಳುತ್ತೀರಿ. ಆಮೇಲೆ ತಿಂಗಳು ತಿಂಗಳು ನಿಮ್ಮ ಹಸುವಿನ ಮೇವು, ಕೊಟ್ಟಿಗೆ, ಕರೆಯುವ ಕೂಲಿ ಅಂತ ಕೊಡುತ್ತೀರಿ. ಹಾಲಿಗೆ ಬೆಲೆ ಇಲ್ಲ, ಯಾಕೆಂದರೆ ಅದು ನಿಮ್ಮದೇ ಹಸುವಿನ ಹಾಲು. ತಿಂಗಳ ಲೆಕ್ಕ ನೋಡಿದರೆ ನಮ್ಮ ಹಾಲಿನ ವರ್ತನೆ ನೆನಪಾಗುತ್ತದೆ. ವ್ಯತ್ಯಾಸ ಒಂದೇ. ವರ್ತನೆಯಲ್ಲಿ ಹಾಲು ಕೊಳ್ಳುತ್ತೇವೆ, ಇದರಲ್ಲಿ ಕೊಂಡಿರುವುದು ಹಸುವನ್ನು.

ಇಷ್ಟು ಸುತ್ತಿ ಬಳಸಿ ಯಾಕೆ ಅಂದರೆ ಕಾನೂನು. ಪಾಶ್ಚರೀಕರಿಸದ, ಅಂದರೆ ರೋಗದ ಕ್ರಿಮಿ ಸಾಯುವಷ್ಟು ಬಿಸಿ ಮಾಡದ ಹಾಲನ್ನು ಜನರ ಬಳಕೆಗೆ ಅಂತ ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಿ ಮಾರುವುದನ್ನು ಅಮೆರಿಕದಲ್ಲಿ ಆಹಾರ, ಔಷಧ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಡಿಎ 1987ರಲ್ಲೇ ನಿಲ್ಲಿಸಿತು. ರಾಜ್ಯದ ಒಳಗೆ ಏನು ಮಾಡಬೇಕು ಅನ್ನುವುದು ಆಯಾ ರಾಜ್ಯಕ್ಕೆ ಬಿಟ್ಟದ್ದು. ಕ್ಯಾಲಿಫೋರ್ನಿಯಾ, ಪೆನ್ಸಿಲ್ವೇನಿಯಾದಲ್ಲಿ ಪರವಾನಗಿ ಇದ್ದವರು ಅಂಗಡಿಯಲ್ಲೇ ಮಾರಬಹುದು. ನಿಮ್ಮ ಕೊಲೊರಾಡೊ 2005ರಲ್ಲಿ ನಡುದಾರಿ ಹಿಡಿಯಿತು. ಮಾರಾಟಕ್ಕೆ ಬಿಡಲಿಲ್ಲ, ಪಾಲುದಾರರು ತಮ್ಮ ಹಸುವಿನ ಹಾಲು ಒಯ್ಯಲು ಬಿಟ್ಟಿತು. ಟೆನೆಸಿ 2009ರಲ್ಲಿ ಒಪ್ಪಿತು. ಮಿಶಿಗನ್ 2013ರಲ್ಲಿ ಕೃಷಿ ಇಲಾಖೆಯ ನೀತಿಯಾಗಿ ಒಪ್ಪಿತು. ನಾರ್ತ್ ಕ್ಯಾರೊಲಿನಾದ ಕಥೆ ಬೇರೆ. 2004ರಲ್ಲಿ ಬೇಡ ಅಂದಿದ್ದವರು 2018ರಲ್ಲಿ ಆಗಲಿ ಅಂದರು. ಹಾಗಾಗಿ ಬೇರೆ ರಾಜ್ಯದಲ್ಲಿರುವ ನೆಂಟರು ಹೇಳಿದ ನಿಯಮ ನಿಮಗೆ ಲಾಗೂ ಆಗುತ್ತದೆ ಅಂದುಕೊಳ್ಳಬೇಡಿ.

ಕೊಲೊರಾಡೊ ಕಾನೂನಿನ ಪ್ರಕಾರ ಪಾಲು ಕೊಂಡದ್ದಕ್ಕೆ ಬರಹದಲ್ಲಿ ಪತ್ರ ಇರಬೇಕು. ಹಸು ಸಾಕುವುದಕ್ಕೆ ಬೇರೆ ಒಪ್ಪಂದ ಇರಬೇಕು. ಹಾಲಿನ ಮೇಲೆ ‘ಇದು ಪಾಶ್ಚರೀಕರಿಸದ ಹಾಲು’ ಅನ್ನುವ ಎಚ್ಚರಿಕೆ ಇರಬೇಕು. ಮಂದೆಯ ಆರೋಗ್ಯದ ವಿವರ ನಿಮಗೆ ಕೊಡಬೇಕು. ನೀವು ಅದನ್ನು ಮತ್ತೊಬ್ಬರಿಗೆ ಮಾರುವ ಹಾಗಿಲ್ಲ. ‘ಈ ವಾರ ನಾವಿರಲ್ಲ, ನಮ್ಮ ಗ್ಯಾಲನ್ ನೀವು ತಗೊಳ್ಳಿ, ದುಡ್ಡು ಕೊಡಿ’ ಅನ್ನುವುದು ಸ್ನೇಹಿತರ ನಡುವೆ ಸಹಜವಾಗಿ ಬರುತ್ತದೆ. ಆ ಆಸೆ ಬೇಡ. ಪತ್ರ ಗಿತ್ರ ಏನೂ ಇಲ್ಲ, ಕಾರಿನ ಡಿಕ್ಕಿಯಿಂದ ಹಾಲು ಕೊಡುತ್ತೇವೆ ಅನ್ನುವವರು ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ.

ಇನ್ನು ಕಾಯಿಸಬೇಕಾ ಬೇಡವಾ ಅನ್ನುವ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮವರು ಎಡವುವುದು ಇಲ್ಲೇ.

ಅಮೆರಿಕದಲ್ಲಿ ‘ರಾ ಮಿಲ್ಕ್’ ಅಂದರೆ ಕರೆದು, ತಣ್ಣಗೆ ಮಾಡಿ, ಹಾಗೇ ಲೋಟಕ್ಕೆ ಬಗ್ಗಿಸಿ ಕುಡಿಯುವ ಹಾಲು. ನಾವು ‘ಹಸಿ ಹಾಲು’ ಅನ್ನುವಾಗ ಮನಸ್ಸಿನಲ್ಲಿರುವುದು ಇನ್ನೂ ಒಲೆಗೆ ಏರದ ಹಾಲು. ಅದು ಒಲೆಗೆ ಏರುತ್ತದೆ ಅನ್ನುವುದು ಹೇಳದೆ ಗೊತ್ತಿರುವ ವಿಷಯ. ಪದ ಒಂದೇ ಥರ ಕೇಳಿಸಿದರೂ ಅಭ್ಯಾಸ ಬೇರೆ. ಇಲ್ಲಿನವರು ಕಾಯಿಸುವ ಕೆಲಸವನ್ನು ನೂರು ವರ್ಷದ ಹಿಂದೆಯೇ ಕಾರ್ಖಾನೆಗೆ ಒಪ್ಪಿಸಿದರು. ನ್ಯೂಯಾರ್ಕಿನಲ್ಲಿ ನೇಥನ್ ಸ್ಟ್ರಾಸ್ ಎಂಬ ವ್ಯಾಪಾರಿ ಬಡ ಮಕ್ಕಳಿಗೆ ಪಾಶ್ಚರೀಕರಿಸಿದ ಹಾಲಿನ ಕೇಂದ್ರ ತೆರೆದದ್ದು 1893ರಲ್ಲಿ. ಶಿಕಾಗೊ ನಗರ ಪಾಶ್ಚರೀಕರಣವನ್ನು ಕಡ್ಡಾಯ ಮಾಡಿದ್ದು 1908ರಲ್ಲಿ. ಅಲ್ಲಿಂದ ಮುಂದೆ ಈ ದೇಶದ ಅಡುಗೆಮನೆಯಲ್ಲಿ ಹಾಲು ಉಕ್ಕುವುದು ನಿಂತುಹೋಯಿತು. ನಾವು ಒಲೆ ಬಿಡಲಿಲ್ಲ. ನಂದಿನಿ ಪ್ಯಾಕೆಟ್ ಪಾಶ್ಚರೀಕರಿಸಿಯೇ ಬರುತ್ತದೆ, ಆದರೂ ಕತ್ತರಿಸಿದ ಕೂಡಲೇ ಪಾತ್ರೆಗೆ ಸುರಿದು ಒಲೆ ಮೇಲೆ ಇಡುತ್ತೇವೆ ಅಲ್ವಾ?

ನಮ್ಮಲ್ಲಿ ಯಾರೂ ಹಸಿಯಾಗಿ ಕುಡಿಯುತ್ತಿರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಚಿಕ್ಕವನಿದ್ದಾಗ ನನಗೂ ಕೊಟ್ಟಿಗೆಯಲ್ಲಿ ನೊರೆಹಾಲು ಕುಡಿಸಿದ್ದಾರೆ. ಬಿಸಿಬಿಸಿ, ಮೀಸೆ ಬರುವಷ್ಟು ನೊರೆ. ಏನೂ ಆಗಲಿಲ್ಲ. ನಮ್ಮೂರಿನಲ್ಲೇ ದನ ನೋಡಿಕೊಳ್ಳುತ್ತಿದ್ದ ಒಬ್ಬರಿಗೆ ಮಾತ್ರ ತಿಂಗಳುಗಟ್ಟಲೆ ಬಂದು ಹೋಗುವ ಜ್ವರ, ಬೆವರು, ಸೊಂಟ ನೋವು. ಮಲೇರಿಯಾ ಅಂದರು, ಟೈಫಾಯ್ಡ್ ಅಂದರು. ಕೊನೆಗೆ ಬ್ರೂಸೆಲ್ಲಾ ಅಂತ ಗೊತ್ತಾಯಿತು. ದನದಿಂದ ಬರುವ ಕಾಯಿಲೆ, ಹಾಲಿನಿಂದಲೂ ಬರುತ್ತದೆ. ಹಾಗಾಗಿ ‘ನಮ್ಮಜ್ಜ ಕುಡಿದು ತೊಂಬತ್ತು ವರ್ಷ ಬದುಕಿದ’ ಅನ್ನುವ ಮಾತಿಗೆ ನಾನು ತಲೆಯಾಡಿಸಿ ಸುಮ್ಮನಾಗುತ್ತೇನೆ. ಬದುಕದವರು ಕಥೆ ಹೇಳಲು ಬರುವುದಿಲ್ಲ.

ಅಮೆರಿಕದ ಮಂದೆಗಳಲ್ಲಿ ಬ್ರೂಸೆಲ್ಲಾ, ಕ್ಷಯ ಬಹಳ ಕಡಿಮೆ. ಇಲ್ಲಿ ಕಾಟ ಕೊಡುವುದು ಬೇರೆ ನಾಲ್ಕು ಕ್ರಿಮಿ: ಕ್ಯಾಂಪಿಲೋಬ್ಯಾಕ್ಟರ್, ಸಾಲ್ಮೊನೆಲ್ಲಾ, ಇ. ಕೋಲೈ ಒ157, ಲಿಸ್ಟೀರಿಯಾ. ಮೊದಲ ಮೂರು ಹಸುವಿನ ಹೊಟ್ಟೆಯಲ್ಲಿ ಇದ್ದರೂ ಹಸು ದಷ್ಟಪುಷ್ಟವಾಗಿಯೇ ಇರುತ್ತದೆ. ಕೆಚ್ಚಲಿಗೆ ಅಂಟಿದ ಕಣ್ಣಿಗೆ ಕಾಣದಷ್ಟು ಸಗಣಿ ಹಾಲಿಗೆ ಇಳಿದರೆ ಸಾಕು. ಇ. ಕೋಲೈ ಒ157 ಚಿಕ್ಕ ಮಕ್ಕಳಲ್ಲಿ ರಕ್ತಭೇದಿಯಿಂದ ಶುರುವಾಗಿ ಕಿಡ್ನಿ ಕೆಡಿಸುವವರೆಗೂ ಹೋಗಬಹುದು. ಲಿಸ್ಟೀರಿಯಾ ನಿಮಗೆ ಸಂಬಂಧಿಸಿದ್ದು. ಬಸುರಿಯರಿಗೆ ಸ್ವಲ್ಪ ಮೈಕೈ ನೋವು, ಜ್ವರ ಅಷ್ಟೇ ಅನ್ನಿಸಬಹುದು, ಒಳಗೆ ಮಗುವಿಗೆ ತಗುಲಿ ಗರ್ಭ ಇಳಿಯಬಹುದು. ಇನ್ನೊಂದು ಕೆಟ್ಟ ಗುಣ ಅಂದರೆ ಅದು ಫ್ರಿಜ್‌ನ ಚಳಿಯಲ್ಲೂ ಬೆಳೆಯುತ್ತದೆ.

ದೂರದ ಉದಾಹರಣೆ ಬೇಡ. 2016ರಲ್ಲಿ ನಿಮ್ಮ ರಾಜ್ಯದ ಪ್ಯೂಬ್ಲೊದಲ್ಲಿ ಒಂದು ಹರ್ಡ್ ಶೇರ್ ಹಾಲಿನಿಂದ ಕ್ಯಾಂಪಿಲೋಬ್ಯಾಕ್ಟರ್ ಹಬ್ಬಿತು. ಖಚಿತವಾದದ್ದು 12 ಜನ, ಇರಬಹುದು ಅಂದದ್ದು 5 ಜನ. ಭೇದಿಗೆ ಸಾಮಾನ್ಯವಾಗಿ ಕೊಡುವ ಒಂದು ಬಗೆಯ ಆಂಟಿಬಯಾಟಿಕ್‌ಗೆ ಆ ಕ್ರಿಮಿ ಬಗ್ಗುತ್ತಿರಲಿಲ್ಲ. ಆ ಹಾಲು ಬಂದದ್ದು ಕದ್ದು ಮಾರುವವರಿಂದಲ್ಲ, ಕಾನೂನು ಒಪ್ಪಿದ ಪಾಲಿನ ಡೈರಿಯಿಂದಲೇ. ಕಾಗದ ಸರಿಯಿದ್ದ ಮಾತ್ರಕ್ಕೆ ಹಾಲು ಸರಿಯಿರಬೇಕು ಅಂತಿಲ್ಲ.

ಈಗ ಹಕ್ಕಿಜ್ವರವೂ ಸೇರಿದೆ. 2024ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಹಸುಗಳಲ್ಲಿ ಎಚ್5ಎನ್1 ಮೊದಲು ಕಂಡಿತು. ಸೋಂಕಿದ ಹಸುವಿನ ಹಾಲಿನಲ್ಲಿ ಆ ವೈರಸ್ ತುಂಬಿರುತ್ತದೆ. ಅಂಥ ಕೊಟ್ಟಿಗೆಗಳಲ್ಲಿ ಹಸಿ ಹಾಲು ನೆಕ್ಕಿದ ಬೆಕ್ಕುಗಳು ಸತ್ತವು. ಅದೇ ವರ್ಷ ಬೇಸಿಗೆಯಲ್ಲಿ ಕೊಲೊರಾಡೊದ ಮಂದೆಗಳಿಗೂ ಹಬ್ಬಿತು. ಜುಲೈನಲ್ಲಿ ಗ್ರೇಡ್ ಎ (ಕುಡಿಯುವ ಹಾಲಿನ ದರ್ಜೆ) ಪರವಾನಗಿ ಇದ್ದ ಡೈರಿಗಳೆಲ್ಲ ವಾರಕ್ಕೊಮ್ಮೆ ಟ್ಯಾಂಕ್ ಹಾಲು ಪರೀಕ್ಷೆಗೆ ಕೊಡಬೇಕು ಅಂತ ರಾಜ್ಯ ಆಜ್ಞೆ ಮಾಡಿತು. ನಿಮ್ಮ ಸಣ್ಣ ಡೈರಿ ಆ ಗುಂಪಿಗೆ ಸೇರುತ್ತಾ, ಪರೀಕ್ಷೆ ಮಾಡಿಸುತ್ತಾರಾ ಅಂತ ಕೇಳಿ. ಕಾಯಿಸಿದರೆ ಈ ವೈರಸ್ ಉಳಿಯುವುದಿಲ್ಲ, ಅದು ಸಮಾಧಾನ.

‘ಸತ್ವ ಹೋಗುತ್ತದೆ’ ಅನ್ನುವುದು ಎಷ್ಟು ನಿಜ? ಕ್ಯಾಲ್ಸಿಯಂ ಎಲ್ಲಿಗೂ ಹೋಗುವುದಿಲ್ಲ. ಪ್ರೋಟೀನ್, ಕೊಬ್ಬು ಇದ್ದಲ್ಲೇ ಇರುತ್ತವೆ. ಬಿ ಗುಂಪಿನ ಕೆಲವು ವಿಟಮಿನ್ ಸ್ವಲ್ಪ ಕಡಿಮೆಯಾಗುತ್ತವೆ. ವಿಟಮಿನ್ ಸಿ ಕಡಿಮೆಯಾಗುತ್ತದೆ, ಆದರೆ ವಿಟಮಿನ್ ಸಿಗೆ ಅಂತ ಹಾಲು ಕುಡಿಯುವವರು ಯಾರು? ಅದಕ್ಕೆ ನಿಂಬೆಹಣ್ಣಿದೆ. ಹಾಲು ಒಗ್ಗದವರಿಗೆ ಹಸಿ ಹಾಲು ಒಗ್ಗುತ್ತದೆ ಅನ್ನುವ ಮಾತೂ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಹಾಲು ಒಗ್ಗದ 16 ಜನರಿಗೆ ಕುಡಿಸಿ ನೋಡಿ 2014ರಲ್ಲಿ ಪ್ರಕಟಿಸಿದರು. ಹೊಟ್ಟೆ ಉಬ್ಬರ ಹಸಿ ಹಾಲಿನಿಂದ ಕಡಿಮೆಯಾಗಲಿಲ್ಲ. ಆಗುವುದಾದರೂ ಹೇಗೆ, ಎರಡರಲ್ಲೂ ಇರುವ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಒಂದೇ. ಎ2 ಹಸು (ಹಾಲಿನ ಒಂದು ಪ್ರೋಟೀನ್‌ನ ಬಗೆ ನೋಡಿ ಇಟ್ಟ ಹೆಸರು) ಅಂತ ಹೇಳಿದರೂ ಕ್ರಿಮಿಗೆ ಎ1, ಎ2 ಗೊತ್ತಾಗುವುದಿಲ್ಲ.

ಒಂದು ವಿಷಯ ಮಾತ್ರ ನ್ಯಾಯವಾಗಿ ಒಪ್ಪಿಕೊಳ್ಳಬೇಕು. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ನ ಹಳ್ಳಿ ಮಕ್ಕಳ ಮೇಲೆ ದೊಡ್ಡ ಅಧ್ಯಯನ ನಡೆದು 2011ರಲ್ಲಿ ಬಂತು. ಕಾಯಿಸದ ಹಾಲು ಕುಡಿಯುವ ಮಕ್ಕಳಲ್ಲಿ ಆಸ್ತಮಾ ಕಡಿಮೆ ಕಂಡಿತು. ಇದು ಸುಳ್ಳಲ್ಲ. ಆದರೆ ಆ ವಿಜ್ಞಾನಿಗಳೇ ಇದನ್ನು ನೋಡಿ ಹಸಿ ಹಾಲು ಕುಡಿಸಿ ಅಂತ ಹೇಳಲಿಲ್ಲ. ಅಪಾಯ ಅವರಿಗೂ ಗೊತ್ತಿತ್ತು.

ಇದಕ್ಕಿಂತ ನಿಮಗೆ ಮುಖ್ಯವಾದದ್ದು ವಿಟಮಿನ್ ಡಿ. ಅಮೆರಿಕದ ಅಂಗಡಿ ಹಾಲಿಗೆ ಅದನ್ನು ಸೇರಿಸಿರುತ್ತಾರೆ, ಒಂದು ಲೋಟಕ್ಕೆ ಸುಮಾರು 100 ಐಯು (ವಿಟಮಿನ್ ಅಳೆಯುವ ಮಾನ). ಡೈರಿಯಿಂದ ನೇರವಾಗಿ ತಂದ ಹಾಲಿನಲ್ಲಿ ಅದು ಇರುವುದಿಲ್ಲ ಅಂತಲೇ ಲೆಕ್ಕ. ನಮ್ಮ ಮೈಬಣ್ಣ, ಕೊಲೊರಾಡೊದ ಚಳಿಗಾಲ, ಮೇಲೆ ಬಸುರಿ. ಹಾಲು ಬದಲಾಯಿಸಿದ ವಿಷಯವನ್ನು ನಿಮ್ಮ ಡಾಕ್ಟರಿಗೆ ಹೇಳಿ, ಮಗನ ಡಾಕ್ಟರಿಗೂ ಹೇಳಿ.

ಈಗ ನಿಮಗೆ ನಿಜವಾಗಿ ಬೇಕಾದದ್ದು ಏನು ಅಂತ ನೋಡೋಣ. ನಿಮ್ಮ ಪತ್ರದಲ್ಲಿ ಇರುವುದು ಕೆನೆ, ಗಟ್ಟಿ ಹಾಲು, ಬೆಣ್ಣೆ. ಹಸಿತನ ಅಲ್ಲ. ಅಂಗಡಿ ಹಾಲಲ್ಲಿ ಕೆನೆ ಕಟ್ಟದೇ ಇರುವುದು ಕಾಯಿಸಿದ್ದಕ್ಕಲ್ಲ, ಹೋಮೋಜಿನೈಸ್ ಮಾಡಿದ್ದಕ್ಕೆ. ಹಾಲನ್ನು ಭಾರಿ ಒತ್ತಡದಲ್ಲಿ ಸಣ್ಣ ಕಿಂಡಿಯಲ್ಲಿ ನುಗ್ಗಿಸುತ್ತಾರೆ. ಕೊಬ್ಬಿನ ಕಣಗಳು ಒಡೆದು ಒಂದು ಮೈಕ್ರಾನ್‌ಗಿಂತ (ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು) ಸಣ್ಣದಾಗುತ್ತವೆ. ಮೇಲೆ ಬಂದು ಕೂಡಿಕೊಳ್ಳುವ ಶಕ್ತಿಯೇ ಅವಕ್ಕೆ ಇರುವುದಿಲ್ಲ. ಹಾಗಾಗಿ ಹೋಮೋಜಿನೈಸ್ ಮಾಡದ ಹಾಲು ಸಿಕ್ಕಿತೋ, ನಿಮ್ಮ ಮುಕ್ಕಾಲು ಆಸೆ ತೀರಿದ ಹಾಗೆ.

ಅಂಥ ಹಾಲು ಅಂಗಡಿಯಲ್ಲೂ ಸಿಗುತ್ತದೆ. ಬಾಟಲಿ ಮೇಲೆ ‘ಕ್ರೀಮ್ ಟಾಪ್’ ಅಥವಾ ‘ನಾನ್ ಹೋಮೋಜಿನೈಸ್ಡ್’ ಅಂತ ಇರುತ್ತದೆ. ಹಲವು ಸಣ್ಣ ಡೈರಿಗಳು ಇದನ್ನು ದೊಡ್ಡ ತೊಟ್ಟಿಯಲ್ಲಿ 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಟ್ಟು ನಿಧಾನವಾಗಿ ಪಾಶ್ಚರೀಕರಿಸುತ್ತವೆ. ರುಚಿ ಹಾಲಿನದೇ ಇರುತ್ತದೆ. ದೊಡ್ಡ ಪ್ಲಾಂಟ್‌ಗಳಲ್ಲಿ 72 ಡಿಗ್ರಿ, 15 ಸೆಕೆಂಡ್. ‘ಅಲ್ಟ್ರಾ ಪಾಶ್ಚರೈಸ್ಡ್’ ಅಂತ ಬರೆದಿರುವ ಹಾಲನ್ನು ಇನ್ನೂ ಜಾಸ್ತಿ, 138 ಡಿಗ್ರಿಯವರೆಗೆ, ಎರಡು ಸೆಕೆಂಡ್ ಕಾಯಿಸಿರುತ್ತಾರೆ. ಆರ್ಗ್ಯಾನಿಕ್ ಅಂತ ದುಬಾರಿ ಕೊಟ್ಟು ತಂದ ಹಾಲಲ್ಲಿ ಪನೀರ್ ಸರಿಯಾಗಿ ಒಡೆಯಲಿಲ್ಲ, ಬೇಯಿಸಿದ ವಾಸನೆ ಬಂತು ಅಂತ ತುಂಬ ಜನ ಬರೆಯುತ್ತಾರೆ. ಕಾರಣ ಇದೇ. ನಾನಾಗಿದ್ದರೆ ಹೆರಿಗೆ ಆಗುವವರೆಗೆ ಕ್ರೀಮ್ ಟಾಪ್ ಹಾಲಿನಲ್ಲೇ ಕಾಲ ಹಾಕುತ್ತಿದ್ದೆ. ಅಡುಗೆಮನೆಯಲ್ಲಿ ಹಸಿ ಹಾಲಿನ ಜಾರ್ ಇದ್ದರೆ ಯಾರೋ ಮರೆತು ಕಾಫಿಗೆ ಹಾಕುವುದು, ಮಗ ಬಗ್ಗಿಸಿಕೊಳ್ಳುವುದು ಎಲ್ಲ ಆಗುತ್ತದೆ.

ಇಲ್ಲ, ಪಾಲೇ ಬೇಕು ಅಂದರೆ ಒಂದು ದಿನ ಹಾಲು ಕರೆಯುವ ಹೊತ್ತಿಗೆ ಅಲ್ಲಿಗೆ ಹೋಗಿ. ಭಾನುವಾರ ಮಧ್ಯಾಹ್ನ ಹೋದರೆ ಮೇಯುವ ಹಸು, ಹಸಿರು ಹುಲ್ಲು ಕಾಣುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ, ಉಪಯೋಗ ಇಲ್ಲ. ಕೆಚ್ಚಲು ಒಣಗಿರುವಂತೆ ಒರೆಸುತ್ತಾರಾ? ಹಸುವಿಗೊಂದು ಬಟ್ಟೆಯಾ, ಇಲ್ಲ ಎಲ್ಲ ಹಸುವಿಗೂ ಅದೇ ಬಟ್ಟೆಯಾ? ಮೊಲೆ ತೊಟ್ಟುಗಳನ್ನು ಅಯೋಡಿನ್‌ನಲ್ಲಿ ಅದ್ದುತ್ತಾರಾ? ಮೊದಲ ನಾಲ್ಕು ಧಾರೆಯನ್ನು ಬೇರೆ ಬಟ್ಟಲಿಗೆ ಕರೆದು ಗಂಟು, ನೀರು ಇದೆಯಾ ನೋಡುತ್ತಾರಾ? ಕೆಚ್ಚಲು ಬಾವು ಪತ್ತೆಗೆ ಏನು ಮಾಡುತ್ತಾರೆ? ಕರೆದ ಹಾಲು ಎಷ್ಟು ಹೊತ್ತಿಗೆ 4 ಡಿಗ್ರಿಗೆ ಇಳಿಯುತ್ತದೆ? ಇದನ್ನು ಕೇಳಿದಾಗ ‘ಫ್ರಿಜ್‌ನಲ್ಲಿ ಇಡುತ್ತೇವೆ’ ಅನ್ನುವ ಉತ್ತರ ಸಾಲದು. ಬಿಸಿ ಹಾಲಿನ ದೊಡ್ಡ ಜಾರ್ ಸುಮ್ನೆ ಫ್ರಿಜ್‌ನಲ್ಲಿಟ್ಟರೆ ತಣಿಯಲು ಗಂಟೆಗಳೇ ಬೇಕು. ಐಸ್ ನೀರಿನಲ್ಲಿ ಮುಳುಗಿಸುವುದೋ, ಕೂಲರ್ ಟ್ಯಾಂಕೋ ಇರಬೇಕು. ನಮ್ಮ ಹಳ್ಳಿ ಡೈರಿಗಳಿಗೆ ಬಿಎಂಸಿ (ಹಾಲು ತಣಿಸುವ ದೊಡ್ಡ ಟ್ಯಾಂಕ್) ಬಂದ ಮೇಲೆ ಹಾಲು ಹುಳಿಯುವುದು ಎಷ್ಟು ಕಡಿಮೆಯಾಯಿತು ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಲ್ಯಾಬ್ ರಿಪೋರ್ಟ್ ತೋರಿಸಿ ಅಂತ ಕೇಳಿ. ಹಸಿ ಹಾಲಿನವರ ಒಂದು ಸಂಸ್ಥೆಯೇ ತನ್ನ ಸದಸ್ಯರಿಗೆ ಒಂದು ಮಿಲಿಲೀಟರ್‌ಗೆ ಒಟ್ಟು ಬ್ಯಾಕ್ಟೀರಿಯಾ 5,000ಕ್ಕಿಂತ ಕಡಿಮೆ, ಕೋಲಿಫಾರ್ಮ್ (ಸಗಣಿ, ಕೊಳೆಯ ಸುಳಿವು ಕೊಡುವ ಬ್ಯಾಕ್ಟೀರಿಯಾ ಗುಂಪು) 10ಕ್ಕಿಂತ ಕಡಿಮೆ ಇರಬೇಕು ಅಂತ ಗುರಿ ಇಟ್ಟಿದೆ. ಅಷ್ಟು ಸ್ವಚ್ಛ ಹಾಲು ಕೊಡುವ ರೈತರು ನಿಜಕ್ಕೂ ಇದ್ದಾರೆ, ಅವರ ಶ್ರಮಕ್ಕೆ ಕೈ ಮುಗಿಯಬೇಕು. ಆದರೂ ರಿಪೋರ್ಟ್ ಹೇಳುವುದು ಆ ದಿನದ ಆ ಸ್ಯಾಂಪಲ್ ಬಗ್ಗೆ ಮಾತ್ರ. ನಾನು ಹಾಲಿನ ಪ್ಲಾಂಟ್‌ನಲ್ಲಿದ್ದಾಗ ದಿನಾ ಎಂಬಿಆರ್‌ಟಿ ಮಾಡುತ್ತಿದ್ದೆವು. ಹಾಲಿಗೆ ನೀಲಿ ಬಣ್ಣ ಹಾಕಿ ಬಿಸಿ ನೀರಿನಲ್ಲಿಡುವುದು. ಕೆಟ್ಟ ಹಾಲಾದರೆ ಅರ್ಧ ಗಂಟೆಗೇ ಬಿಳಿಯಾಗುತ್ತದೆ, ಒಳ್ಳೆಯದಾದರೆ ಐದು ಗಂಟೆಯಾದರೂ ನೀಲಿ. ಎಂಥ ಚೆಂದದ ನೀಲಿ ಹಾಲಿನಲ್ಲೂ ರೋಗದ ಕ್ರಿಮಿ ಹತ್ತಿಪ್ಪತ್ತು ಇರಬಹುದು, ಆ ಪರೀಕ್ಷೆಗೆ ಅದು ಕಾಣುವುದೇ ಇಲ್ಲ. ಹಸುವೂ ದಿನಾ ಒಂದೇ ಸಮ ಕ್ರಿಮಿ ಬಿಡುವುದಿಲ್ಲ. ಇವತ್ತು ಇರುತ್ತದೆ, ನಾಳೆ ಇರುವುದಿಲ್ಲ.

ಒಪ್ಪಂದದಲ್ಲಿ ದುಡ್ಡಿನ ಮಾತು ಸರಿಯಾಗಿ ಓದಿ. ಲೆಕ್ಕಕ್ಕೆ ಹೇಳುವುದಾದರೆ ದಿನಕ್ಕೆ 4 ಗ್ಯಾಲನ್ ಕೊಡುವ ಜೆರ್ಸಿ ಹಸು ವಾರಕ್ಕೆ 28 ಗ್ಯಾಲನ್ ಕೊಟ್ಟ ಹಾಗಾಯಿತು. ಅದಕ್ಕೆ 28 ಪಾಲು ಮಾರಿದವರು, ಹಾಲು ಇಳಿದ ತಿಂಗಳು ಏನು ಕೊಡುತ್ತಾರೆ? ಕರು ಹಾಕುವ ಮೊದಲು ಎರಡು ತಿಂಗಳು ಹಸು ಬತ್ತುತ್ತದೆ, ಆಗ ಬೇರೆ ಹಸುವಿನ ಹಾಲು ಬರುತ್ತಾ? ಹಸು ಸತ್ತರೆ ನಿಮ್ಮ ಪಾಲು ಹೋಯಿತಾ? ನೀವು ಆರು ವಾರ ಊರಿಗೆ ಹೋದರೂ ಮೇವಿನ ದುಡ್ಡು ಕಟ್ಟಬೇಕಾ? ಹೆಚ್ಚಿನ ಕಡೆ ಕಟ್ಟಲೇಬೇಕು, ನೀವಿಲ್ಲ ಅಂತ ಹಸು ಮೇಯುವುದು ಬಿಡುವುದಿಲ್ಲವಲ್ಲ.

ತರುವಾಗ ಐಸ್ ಪ್ಯಾಕ್ ಇಟ್ಟ ದಪ್ಪ ಚೀಲದಲ್ಲಿ ತನ್ನಿ. ಮನೆಗೆ ಬಂದ ತಕ್ಷಣ, ಕಾಫಿಗೂ ಮೊದಲು, ಇಡೀ ಗ್ಯಾಲನ್ ಒಲೆಗೆ ಏರಿಸಿ. ಅಮ್ಮ ಮಾಡುವ ಹಾಗೆಯೇ. ತಳ ಹತ್ತದಂತೆ, ಮೇಲಿನ ನೊರೆಗೂ ಬಿಸಿ ಮುಟ್ಟುವಂತೆ ಕೈಯಾಡಿಸುತ್ತಿರಿ. ನಿಮ್ಮೂರು ಎತ್ತರದಲ್ಲಿದೆ, ನೀರು 95 ಡಿಗ್ರಿಗೇ ಕುದಿಯುತ್ತದೆ. ಅದರ ಚಿಂತೆ ಬೇಡ, ಕ್ರಿಮಿ ಸಾಯಲು ಬೇಕಾದದ್ದು 72. ಉಕ್ಕಿ ಬಂದ ಮೇಲೆ ಉರಿ ಸಣ್ಣ ಮಾಡಿ ಒಂದೆರಡು ನಿಮಿಷ ಬಿಟ್ಟರೆ ಸಾಕು. ಮಕ್ಕಳ ಕೈಗೆ ಸಿಗದ ಹಾಗೆ ಸಿಂಕ್‌ನಲ್ಲಿ ತಣ್ಣೀರು, ಐಸ್ ಹಾಕಿ ಪಾತ್ರೆ ಕೂರಿಸಿ ತಣಿಸಿ, ಆಮೇಲೆ ಫ್ರಿಜ್. ಹಸಿ ಹಾಲು ತಂದ ಜಾರ್, ಸೋಸಿದ ಬಟ್ಟೆ, ಚೆಲ್ಲಿದ ಕಟ್ಟೆ, ಕೈ ಎಲ್ಲ ಸೋಪು ಹಾಕಿ ತೊಳೆಯಿರಿ. ಕಾಯಿಸಿದ ಹಾಲನ್ನು ಮತ್ತೆ ಆ ತೊಳೆಯದ ಜಾರಿಗೆ ತುಂಬಬೇಡಿ, ಇದು ತುಂಬ ಜನ ಮಾಡುವ ತಪ್ಪು. ಈ ಕೆಲಸ ಸದ್ಯಕ್ಕೆ ನಿಮ್ಮ ಯಜಮಾನರಿಗೆ ಬಿಡಿ. ಮೊಸರಿಗೂ ಕಾಯಿಸಿದ ಹಾಲಿಗೇ ಹೆಪ್ಪು ಹಾಕಿ, ಹುಳಿಯಾದರೆ ಇ. ಕೋಲೈ ಸಾಯುತ್ತದೆ ಅಂತ ನಂಬಬೇಡಿ. ಪಂಚಾಮೃತಕ್ಕೂ ಕಾಯಿಸಿ ಆರಿಸಿದ ಹಾಲೇ ಇರಲಿ.

ಬೆಳಿಗ್ಗೆ ಎದ್ದು ನೋಡಿ. ಜೆರ್ಸಿ ಹಾಲಾದರೆ ಕೊಬ್ಬು ಹತ್ತಿರ ಹತ್ತಿರ 5 ಶೇಕಡ ಇರುತ್ತದೆ, ಅಂಗಡಿಯ ‘ಹೋಲ್ ಮಿಲ್ಕ್’ನಲ್ಲಿ 3.25. ರೊಟ್ಟಿಯ ಹಾಗೆ ಎತ್ತಬಹುದಾದ ಕೆನೆ. ಒಂದು ಗ್ಯಾಲನ್‌ನಲ್ಲಿ ಒಟ್ಟು 180 ಗ್ರಾಂನಷ್ಟು ಕೊಬ್ಬು ಇದೆ, ಕೆನೆ ತೆಗೆದು ಕಡೆದರೆ ಅಷ್ಟೂ ಕೈಗೆ ಬರುವುದಿಲ್ಲ, ಆದರೂ ಎರಡು ವಾರದ ಕೆನೆ ಕೂಡಿಟ್ಟರೆ ಅಮ್ಮ ಬೆಣ್ಣೆ ಕಾಯಿಸಿ ಬಾಣಂತಿಗೆ ಬೇಕಾದ ತುಪ್ಪ ತೆಗೆಯುತ್ತಾರೆ.

ಇನ್ನೊಂದು ಆಸೆ ನೀವು ಬರೆದಿಲ್ಲ, ಆದರೆ ಪಾಲು ಇದ್ದವರಿಗೆ ಮಾತ್ರ ತೀರುವಂಥದ್ದು. ಹಸು ಯಾವಾಗ ಕರು ಹಾಕುತ್ತದೆ ಅಂತ ಡೈರಿಯವರನ್ನು ಕೇಳಿಟ್ಟುಕೊಳ್ಳಿ. ಮೊದಲ ದಿನದ ಹಾಲು ಕರುವಿನದು, ಅದರ ಬಾಯಿಂದ ಕಸಿಯಬಾರದು. ಎರಡು, ಮೂರನೇ ದಿನ ಕರು ಕುಡಿದು ಉಳಿದದ್ದು ನಮಗೆ ಸಿಗುತ್ತಾ ಅಂತ ಕೇಳಿ. ಯಾಕೆ ಅಂತ ಅವರು ವಿಚಿತ್ರವಾಗಿ ನೋಡಬಹುದು, ಇಲ್ಲಿ ಗಿಣ್ಣು ಮಾಡುವುದು ಅವರಿಗೆ ಗೊತ್ತಿಲ್ಲ. ಅದೂ ಹಸಿ ಹಾಲೇ, ಆದರೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ನಡುವಿನವರೆಗೂ ಗಟ್ಟಿಯಾಗಿ ಬೆಂದರೆ ನೀವೂ ಧೈರ್ಯವಾಗಿ ತಿನ್ನಬಹುದು. ಎಷ್ಟು ಹಾಲಿಗೆ ಎಷ್ಟು ಬೆಲ್ಲ ಅಂತ ನನ್ನನ್ನು ಕೇಳಬೇಡಿ, ತುಮಕೂರಿನಿಂದ ಬರುವವರನ್ನು ಕೇಳಿ.